ಕಾರವಾರದಲ್ಲಿ ಐರಿಷ್ ಫೋಕ್ ಪಂಕ್: ಕುರ್ಚಿ ಹಾಕಬೇಕೋ, ತೆಗೆಯಬೇಕೋ?

ಕೋಡಿಬಾಗದವ

ಮೊನ್ನೆ ಶನಿವಾರ ನಮ್ಮೂರ ಹುಡುಗರ ಐರಿಷ್ ಫೋಕ್ ಪಂಕ್ (ಐರ್ಲೆಂಡಿನ ಜನಪದ ಹಾಡಿಗೆ ಪಂಕ್ ರಾಕ್‌ನ ಅಬ್ಬರ ಸೇರಿಸಿದ್ದು) ಬ್ಯಾಂಡಿನ ಲೈವ್ ಕಾರ್ಯಕ್ರಮಕ್ಕೆ ಯಾರೆಲ್ಲ ಬಂದಿದ್ದಿರಿ? ನನಗೊಂದು ತಕರಾರಿದೆ.

ತಕರಾರು ಹಾಡಿನ ಮೇಲಲ್ಲ. ಹುಡುಗರು ಚೆನ್ನಾಗಿಯೇ ಬಾರಿಸಿದರು. ಟಿನ್ ವಿಸಲ್ (ತಗಡಿನ ಪುಟ್ಟ ಕೊಳಲು), ಟೆನರ್ ಬ್ಯಾಂಜೋ, ಗಿಟಾರ್, ಬೇಸ್ ಗಿಟಾರ್, ಡ್ರಮ್ಸ್, ಅಕಾರ್ಡಿಯನ್ ಬದಲಿಗೆ ಹಾರ್ಮೋನಿಯಂ. ತಕರಾರು ಕುರ್ಚಿ ಮೇಲೆ. ಎದುರಿಗೆ ಎರಡು ಸಾಲು ಸೋಫಾ, ಹಿಂದೆ ಒತ್ತೊತ್ತಾಗಿ ಪ್ಲಾಸ್ಟಿಕ್ ಕುರ್ಚಿ. ಮೊದಲು ಸ್ವಾಗತ, ದೀಪ, ನಾಲ್ಕು ಜನರ ಭಾಷಣ, ಶಾಲು, ಸ್ಮರಣಿಕೆ. ಅದೆಲ್ಲ ಮುಗಿದು ಒಂದೇ ಸಲಕ್ಕೆ ಧಡಧಡ ಪಂಕ್. ಮುಂದಿನ ಸಾಲು ಕೈಕಟ್ಟಿ ಕೂತೇ ಇತ್ತು. ಹಿಂದೆ ಗೋಡೆಗೆ ಒರಗಿ ನಿಂತ ಕಾಲೇಜು ಹುಡುಗರ ಕಾಲು ಮಾತ್ರ ಸುಮ್ಮನಿರಲಿಲ್ಲ. ಅದರಲ್ಲೊಬ್ಬ ಊಟದ ಕೋಣೆಯಿಂದ ಸ್ಟೀಲ್ ತಟ್ಟೆ ತಂದು ತಾಳಕ್ಕೆ ಸರಿಯಾಗಿ ತಲೆಗೆ ಬಡಿದುಕೊಳ್ಳತೊಡಗಿದ. ಸಂಘಟಕರೊಬ್ಬರು ಓಡಿಹೋಗಿ ತಟ್ಟೆ ಕಸಿದುಕೊಂಡು ಬಂದರು.

ಆ ಹುಡುಗನಿಗೆ ಗೊತ್ತಿತ್ತೋ ಇಲ್ಲವೋ, ಈ ಸಂಗೀತದಲ್ಲಿ ಅದೂ ಒಂದು ವಾದ್ಯವೇ! ಈ ಸಂಗೀತಕ್ಕೆ ಹೆಸರಾದ ಪೋಗ್ಸ್ ತಂಡದ ಸ್ಪೈಡರ್ ಸ್ಟೇಸಿ ವಿಸಲ್ ಊದದಿದ್ದಾಗ ಬಿಯರ್ ಟ್ರೇಯಿಂದ ತಲೆಗೆ ಬಡಿದುಕೊಂಡೇ ತಾಳ ಕೊಡುತ್ತಿದ್ದ.

ಮುಂದಿನದು ಶಿರಸಿಯಲ್ಲಂತೆ. ಅಲ್ಲೂ ಹೀಗೇ ಕುರ್ಚಿ ಜೋಡಿಸಿದರೆ ಕಾರ್ಯಕ್ರಮ ಕೆಟ್ಟ ಹಾಗೇ. ಇದು ಕುಣಿಯೋ ಸಂಗೀತ, ಎಲ್ಲರೂ ಸೇರಿ ಪಲ್ಲವಿ ಕೂಗೋ ಸಂಗೀತ. ಸಭೆಗೆ ತಂದು ಕೂರಿಸಿದರೆ ಅದರ ತಪ್ಪಲ್ಲ. ಏನಂತೀರಿ?

ಸದಾಶಿವಗಡದ ದಂಡೆ

ತಮ್ಮಾ, ಕೈಕಟ್ಟಿ ಕೂತವರಲ್ಲಿ ನಾನೂ ಒಬ್ಬ. ಸೋಫಾದಲ್ಲಿ ಅಲ್ಲ, ಅದರ ಹಿಂದಿನ ಸಾಲು. ಮೊಣಕಾಲು ನೋವಿನವರಿಗೆ ಎರಡು ಗಂಟೆ ನಿಂತು ಕೇಳಿ ಅಂದರೆ ಬರಬೇಡಿ ಅಂತಲೇ ಅರ್ಥ.

ಇನ್ನೊಂದು. ಹಾಡಿನಲ್ಲಿ ಒಂದಕ್ಷರವೂ ತಿಳಿಯಲಿಲ್ಲ. ನಡುವೆ ಹಾಡಿಲ್ಲದೆ ಬರೀ ವಿಸಲ್, ಬ್ಯಾಂಜೋ ಬಾರಿಸಿದರಲ್ಲ, ಅದು ಹಿಡಿಸಿತು. ಉಳಿದದ್ದು ಗದ್ದಲ. ಐರ್ಲೆಂಡಿಗೂ ಕಾರವಾರಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಮಾರಾಯ್ರೆ ಅಂತ ಪಕ್ಕದಲ್ಲಿ ಕೂತವರು ಕೇಳಿದರು. ನಾನೇನು ಹೇಳಲಿ?

ಹಳೇ ಪುಸ್ತಕ

ಸಂಬಂಧ ಬೇಕಾ? ನಮ್ಮ ಬೀಚಿನ ಹೆಸರಲ್ಲೇ ಇದೆ: ಟಾಗೋರ್ ಬೀಚ್.

ರವೀಂದ್ರನಾಥ ಟಾಗೋರರಿಗೆ ಎಳೆಯ ವಯಸ್ಸಿನಲ್ಲೇ ಐರಿಷ್ ಹಾಡುಗಳ ಹುಚ್ಚಿತ್ತು. 1881ರ 'ವಾಲ್ಮೀಕಿ ಪ್ರತಿಭಾ' ಗೀತನಾಟಕದಲ್ಲಿ ದರೋಡೆಕೋರರ ಕುಡಿತದ ಹಾಡುಗಳಿಗೆ ಇಂಗ್ಲಿಷ್ ಧಾಟಿ ಹಾಕಿದರು, ವನದೇವತೆಯರು ಅಳುವ ಹಾಡಿಗೆ ಐರಿಷ್ ಧಾಟಿ. ಇದನ್ನು ಅವರೇ ತಮ್ಮ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ. ಅದಾದ ಸ್ವಲ್ಪ ಕಾಲಕ್ಕೇ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದಾಗ ಕಾರವಾರಕ್ಕೆ ಬಂದು ಉಳಿದರು, ಇಲ್ಲೇ ಇನ್ನೊಂದು ನಾಟಕ ಬರೆದರು. ಅಂದರೆ ತಲೆಯಲ್ಲಿ ಐರಿಷ್ ಧಾಟಿ ಇಟ್ಟುಕೊಂಡು ನಮ್ಮ ಕಡಲತೀರದಲ್ಲಿ ಓಡಾಡಿದವರಲ್ಲಿ ಈ ಬ್ಯಾಂಡಿನ ಹುಡುಗರು ಮೊದಲಿಗರೇನಲ್ಲ.

ಇನ್ನೂ ಬೇಕಿದ್ದರೆ ಜನಗಣಮನ ಇದೆ. 1919ರಲ್ಲಿ ಮದನಪಲ್ಲೆಯಲ್ಲಿ ಟಾಗೋರರು ಅದನ್ನು ಹಾಡಿದಾಗ ಸ್ವರ ಬರೆದಿಟ್ಟವರು ಮಾರ್ಗರೆಟ್ ಕಸಿನ್ಸ್. ಐರ್ಲೆಂಡಿನ ಹೆಣ್ಣುಮಗಳು.

ಸದಾಶಿವಗಡದ ದಂಡೆ

ಇದು ಗೊತ್ತಿರಲಿಲ್ಲ. ಅವತ್ತು ಪಕ್ಕದಲ್ಲಿ ಕೂತಿದ್ದವರಿಗೆ ಹೇಳುತ್ತೇನೆ. ಆದರೂ ವನದೇವತೆಯರ ಅಳು ಬೇರೆ, ಆ ಡ್ರಮ್ಸ್ ಹುಡುಗನ ಬಡಿತ ಬೇರೆ.

ರಥಬೀದಿ ವಿಸಲ್

ಗೋಕರ್ಣದಿಂದ ಬರೆಯುತ್ತಿದ್ದೇನೆ. ಇಲ್ಲಿ ಸೀಸನ್ನಿನಲ್ಲಿ ಬರುವ ವಿದೇಶಿಯರ ಜೊತೆ ಕೂತು ಕೂತು ವಿಸಲ್ ಕಲಿತವನು ನಾನು. ಕಾಕಾ, ಆ ಬಡಿತಕ್ಕೂ ಒಂದು ಕಥೆ ಇದೆ, ಕೇಳಿ.

ಪೋಗ್ಸ್ ಹುಟ್ಟಿದ್ದು ಐರ್ಲೆಂಡಿನಲ್ಲಲ್ಲ, 1982ರಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ಎಂಬಲ್ಲಿ. ಹಾಡುಗಾರ ಶೇನ್ ಮೆಕ್‌ಗೋವನ್ ಹುಟ್ಟಿದ್ದೂ ಇಂಗ್ಲೆಂಡಿನಲ್ಲೇ, ಅಪ್ಪ ಅಮ್ಮ ಐರಿಷ್. ಮನೆಯಲ್ಲಿ ಕೇಳಿದ್ದು ಹಳೇ ಊರಿನ ಹಾಡು, ಬೀದಿಯಲ್ಲಿ ಕೇಳಿದ್ದು ಪಂಕ್. ಎರಡನ್ನೂ ಸೇರಿಸಿ ಅದೇ ಹಳೇ ಹಾಡುಗಳನ್ನು ದುಪ್ಪಟ್ಟು ವೇಗದಲ್ಲಿ, ಗಂಟಲು ಹರಿಯುವ ಹಾಗೆ ಹಾಡಿದರು. ಶುರುವಿನಲ್ಲಿ ಅವರ ಡ್ರಮ್ಮರ್ ನಿಂತುಕೊಂಡು ಎರಡೇ ಡ್ರಮ್ ಬಾರಿಸುತ್ತಿದ್ದ. ಆಮೇಲೆ ಅಮೆರಿಕದಲ್ಲಿ ಇದೇ ದಾರಿ ಹಿಡಿದವು ಬಾಸ್ಟನ್ ಕಡೆಯ ಡ್ರಾಪ್‌ಕಿಕ್ ಮರ್ಫೀಸ್ (1996), ಲಾಸ್ ಏಂಜಲಿಸ್‌ನ ಫ್ಲಾಗಿಂಗ್ ಮಾಲಿ. ನೋಡಿ, ಮೂರೂ ಊರು ಬಿಟ್ಟವರ ಮಕ್ಕಳ ಊರಿನಲ್ಲೇ ಹುಟ್ಟಿದ್ದು.

ಊರು ಯಾಕೆ ಬಿಟ್ಟರು ಅಂದರೆ ಆಲೂಗಡ್ಡೆ. 1845ರಿಂದ ಬೆಳೆಗೆ ರೋಗ ಬಿದ್ದು ಬರ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಅಷ್ಟೇ ಜನ ಹಡಗು ಹತ್ತಿದರು. ಹಡಗು, ಬಂದರು, ಬಿಟ್ಟುಬಂದ ಮನೆ, ಹಿಂದೆ ಉಳಿದ ಹುಡುಗಿ: ಅರ್ಧ ಹಾಡು ಇದೇ. ಇನ್ನರ್ಧ ಕುಡಿತ.

ಮೆಕ್‌ಗೋವನ್ 2023ರ ನವೆಂಬರ್ 30ರಂದು ತೀರಿಕೊಂಡ. ಚರ್ಚಿನಲ್ಲಿ ಅಂತ್ಯಕ್ರಿಯೆಯ ಪೂಜೆ ನಡೆಯುವಾಗಲೇ ಬ್ಯಾಂಡು ಬಾರಿಸಿತು, ಮನೆಯವರು ಎದ್ದು ಕುಣಿದರು. ಕೂತು ಕೇಳುವವರು ಅಲ್ಲೂ ಕಡಿಮೆ.

ಅಂಕೋಲೆ ಅಕ್ಕ

ಕುಡಿತ ಅಂದಿರಲ್ಲ, ನನ್ನ ತಕರಾರು ಅಲ್ಲಿಂದಲೇ.

ನಮ್ಮ ಬಡಗೇರಿಯ ಸುಕ್ರಜ್ಜಿ, ಅಂದರೆ ಸುಕ್ರಿ ಬೊಮ್ಮಗೌಡ, 2017ರಲ್ಲಿ ಪದ್ಮಶ್ರೀ ಪಡೆದವರು. ಹಾಲಕ್ಕಿ ಒಕ್ಕಲಿಗರ ಹಾಡುಗಳ ಕಣಜ. ಅದೇ ಅಜ್ಜಿ ಸಾರಾಯಿ ವಿರುದ್ಧ ಬೀದಿಗಿಳಿದು ಹೋರಾಡಿದವರೂ ಹೌದು. 2025ರ ಫೆಬ್ರವರಿಯಲ್ಲಿ ಹೋದರು. ಈಗ ನಮ್ಮ ಹುಡುಗರು ವಿಸ್ಕಿ ಹಾಡಿಗೆ ಚಪ್ಪಾಳೆ ಹೊಡೆಯುತ್ತಿದ್ದಾರೆ. ಮಾಜಾಳಿ ಚೆಕ್‌ಪೋಸ್ಟ್ ದಾಟಿದರೆ ಗೋವಾ, ಅಗ್ಗದ ದಾರು. ಇಲ್ಲಿಯವರಿಗೆ ಈ ವಿಷಯದಲ್ಲಿ ಹೊಸದಾಗಿ ಪ್ರೋತ್ಸಾಹ ಏನೂ ಬೇಕಿಲ್ಲ.

ಎರಡನೆಯದು, ಇಷ್ಟು ಕಷ್ಟಪಟ್ಟು ಐರಿಷ್ ಕಲಿಯೋರು ಗುಮಟೆ ಪಾಂಗ್ ಯಾಕೆ ಕಲಿಯಬಾರದು? ಮಣ್ಣಿನ ಗಡಿಗೆಗೆ ಚರ್ಮ ಬಿಗಿದ ಗುಮಟೆ, ಜೊತೆಗೆ ತಾಳ, ಸುತ್ತ ಜನ. ಅದೂ ಕುಣಿಸುತ್ತದೆ. ಪಕ್ಕದ ಗೋವಾದವರು ಇದೇ ಜಾತಿಯ ಘುಮಟ್ ಅನ್ನು 2019ರಲ್ಲಿ ರಾಜ್ಯದ ಪಾರಂಪರಿಕ ವಾದ್ಯ ಎಂದು ಘೋಷಿಸಿದರು. ನಾವು ಉತ್ಸವಕ್ಕೆ ಕರೆಸಿ ಹತ್ತು ನಿಮಿಷ ಕೊಟ್ಟು ಕಳಿಸುತ್ತೇವೆ.

ಬ್ಯಾಂಜೋ ಹಿಡಿದವ

ನಮಸ್ಕಾರ. ಆ ಬ್ಯಾಂಡಿನಲ್ಲಿ ಬ್ಯಾಂಜೋ ಬಾರಿಸುವುದು ನಾನೇ. ಎಲ್ಲ ಓದಿದೆ.

ಅಕ್ಕ, ಗುಮಟೆ ಮಾತು ನೂರಕ್ಕೆ ನೂರು ನಿಜ. ಅದನ್ನು ಸೇರಿಸಲು ಆಗಲೇ ನೋಡುತ್ತಿದ್ದೇವೆ. ಐರಿಷ್‌ನಲ್ಲಿ ಬೌರಾನ್ ಅಂತ ಒಂದೇ ಬದಿಗೆ ಆಡಿನ ಚರ್ಮ ಬಿಗಿದ ಅಗಲ ವಾದ್ಯ ಇದೆ. ಒಂದು ಕೈ ಒಳಗಿಂದ ಚರ್ಮ ಒತ್ತುತ್ತದೆ, ಇನ್ನೊಂದು ಕೈಯಲ್ಲಿ ಪುಟ್ಟ ಕೋಲು. ಒತ್ತಿದ ಹಾಗೆ ದನಿ ಏರುತ್ತದೆ, ಬಿಟ್ಟ ಹಾಗೆ ಇಳಿಯುತ್ತದೆ. ಗುಮಟೆಯವರು ಹಿಂದಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದು ಮಾಡುವುದೂ ಅದನ್ನೇ ಅಲ್ವಾ? ಹಳೇ ಗುಮಟೆಗೆ ಉಡದ ಚರ್ಮ ಇರುತ್ತಿತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ. ನಮ್ಮ ಹತ್ತಿರ ಇರುವುದು ಆಡಿನ ಚರ್ಮದ್ದು. ಇಲ್ಲಿ ಮಳೆಗಾಲದಲ್ಲಿ ಎರಡೂ ಹಪ್ಪಳ ನೆನೆದ ಹಾಗೆ ಆಗಿಬಿಡುತ್ತವೆ. ಗುಮಟೆಯನ್ನು ಬೆಂಕಿಗೆ ಹಿಡಿದು ಬಿಸಿ ಮಾಡುತ್ತೇವೆ, ಬೌರಾನ್‌ಗೆ ಸ್ಕ್ರೂ ಇದೆ. ಉಪ್ಪುಗಾಳಿಗೆ ಬ್ಯಾಂಜೋ ತಂತಿ ತುಕ್ಕು ಹಿಡಿಯೋ ಕಥೆ ಬೇರೆ.

ವಿಸ್ಕಿ ಹಾಡಿನ ('ವಿಸ್ಕಿ ಇನ್ ದ ಜಾರ್') ವಿಷಯ: ಶಿರಸಿಗೆ ಅದನ್ನು ತೆಗೆಯಬಹುದು. ಆದರೆ ಜನ ಜಾಸ್ತಿ ಗುರುತಿಸುವುದು ಅದನ್ನೇ. ಹೆವಿ ಮೆಟಲ್ ಕೇಳುವ ಹುಡುಗರಿಗೆಲ್ಲ 1998ರಲ್ಲಿ ಮೆಟಾಲಿಕಾ ಬ್ಯಾಂಡು ಹಾಡಿದ್ದರಿಂದ ಅದು ಬಾಯಿಪಾಠ. ನೂರಾರು ವರ್ಷ ಹಳೆಯ ಹಾಡು. ಕೊನೆಗೆ ಕಥಾನಾಯಕನಿಗೆ ದ್ರೋಹ ಆಗಿ ಜೈಲಿಗೆ ಹೋಗುತ್ತಾನೆ. ಪ್ರೋತ್ಸಾಹ ಅಂತೂ ಅಲ್ಲ.

ಭಾಷಣದ ಬಗ್ಗೆ ನಾನೇನೂ ಹೇಳುವುದಿಲ್ಲ. ಹಾಲ್ ಕೊಡಿಸಿದವರೇ ಅವರು.

ಮೈಕ್‌ಸೆಟ್ ಕುಮಟಾ

ಗದ್ದಲ ಅಂದರಲ್ಲ ಕಾಕಾ, ಅದು ಬ್ಯಾಂಡಿನದ್ದಲ್ಲ. ತಗಡಿನ ಮಾಡು, ಬರೀ ಗೋಡೆ, ನಾಲ್ಕೂ ಕಡೆಯಿಂದ ವಾಪಸ್ ಬರುವ ದನಿ. ಮೈಕ್ ಹಿಡಿದ ರೀತಿಯಲ್ಲೂ ದೋಷ ಇತ್ತು. ಹಿಂದೆ ನಿಂತು ನೋಡಿದ್ದೇನೆ.

ವಿಸಲ್‌ನ ಬಾಯಿ ಹತ್ತಿರ ಒಂದು ಸೀಳು ಕಿಂಡಿ ಇದೆ. ದನಿ ಮುಖ್ಯವಾಗಿ ಅಲ್ಲಿಂದ ಬರುತ್ತದೆ, ತುದಿಯಿಂದ ಅಲ್ಲ. ನಮ್ಮವರು ಮೈಕನ್ನು ತುದಿಗೆ ಹಿಡಿದಿದ್ದರು. ಅದಕ್ಕೇ ಕೆಲವು ಸ್ವರ ಕೇಳಿತು, ಕೆಲವು ಮಾಯ. ಕಿಂಡಿಯ ಕಡೆಗೆ, ಉಸಿರು ನೇರ ಬೀಳದ ಹಾಗೆ ಸ್ವಲ್ಪ ಓರೆಯಾಗಿ ಮೈಕ್ ಇಡಬೇಕು. ಇನ್ನು ವಿಸಲ್ ಮೇಲಿನ ಸಪ್ತಕಕ್ಕೆ ಹೋದರೆ 2 ಸಾವಿರ ಹರ್ಟ್ಜ್ ಆಸುಪಾಸು. ನಮ್ಮ ಕಿವಿ ಬಲು ಚುರುಕಾಗಿರುವುದು 2ರಿಂದ 5 ಸಾವಿರದ ನಡುವೆ. ಮಿಕ್ಸರ್‌ನಲ್ಲಿ ಅಲ್ಲಿ ಸ್ವಲ್ಪ ಇಳಿಸದಿದ್ದರೆ ಕಿವಿ ಚುಚ್ಚುತ್ತದೆ. ಮುಂದಿನ ಸಾಲಿನವರಿಗೆ ತಲೆನೋವು ಬಂದಿದ್ದರೆ ಅದೇ ಕಾರಣ.

ಡ್ರಮ್ಸ್‌ಗೆ ಅಷ್ಟು ಸಣ್ಣ ಹಾಲ್‌ನಲ್ಲಿ ಮೈಕೇ ಬೇಡ. ಬೇಸ್ ಕಡಿಮೆ ಇಡಿ, ಹಾಡುಗಾರನ ಮೈಕ್ ಎಲ್ಲದರ ಮೇಲೆ ಇರಲಿ. ಪಲ್ಲವಿಯ ಮಾತು ಕೇಳದೆ ಜನ ಜೊತೆಗೆ ಕೂಗುವುದಾದರೂ ಏನನ್ನು? ಮದುವೆ ಆರ್ಕೆಸ್ಟ್ರಾಕ್ಕೆ ಇಟ್ಟ ಹಾಗೆ ಎಕೋ ಹಾಕಬೇಡಿ. ಅದೊಂದು ರೋಗ ನಮ್ಮ ಜಿಲ್ಲೆಗೆ.

ಮತ್ತೆ, ಜನ ನಿಂತರೆ ಸೌಂಡಿಗೂ ಒಳ್ಳೆಯದು. ಮೈ ದನಿಯನ್ನು ಹೀರುತ್ತದೆ, ಖಾಲಿ ಪ್ಲಾಸ್ಟಿಕ್ ಕುರ್ಚಿ ಹೀರುವುದಿಲ್ಲ.

ಕೋಡಿಬಾಗದವ

ನೋಡಿ, ಮೈಕ್‌ನವರೇ ನನ್ನ ಕಡೆ.

ತೋಟದಾಚೆ

ಶಿರಸಿಯ ಹೊರಗಿನವ, ಸಂವಾದಿನಿ (ಹಾರ್ಮೋನಿಯಂ) ಬಾರಿಸುತ್ತೇನೆ. ಮೊನ್ನೆ ಕಾರವಾರಕ್ಕೆ ಬೇರೆ ಕೆಲಸಕ್ಕೆ ಬಂದವನು ಸುಮ್ನೆ ಹೊಕ್ಕಿ ನೋಡಿದೆ. ಅಡ್ಡಿಲ್ಲ ಅನಿಸಿತು.

ಶಿರಸಿ ಕಡೆ ಕೇಳುಗರನ್ನು ಕಡಿಮೆ ಎಣಿಸಬೇಡಿ. ಇಲ್ಲಿ ಹಿಂದುಸ್ತಾನಿ ಕಿವಿ ಇದೆ. ಅದನ್ನು ಬಳಸಿಕೊಳ್ಳಿ. ಆ ಬರೀ ವಾದ್ಯದ ತುಣುಕುಗಳನ್ನು ನಾನು ಗಮನ ಕೊಟ್ಟು ಕೇಳಿದೆ. ಕೆಲವು ನೇರ ಬಿಲಾವಲ್ ಥಾಟ್, ಅಂದರೆ ಎಲ್ಲ ಸ್ವರ ಶುದ್ಧ. ಕೆಲವಕ್ಕೆ ಕೋಮಲ ನಿಷಾದ, ಅಂದರೆ ಖಮಾಜ್. ಒಂದಂತೂ ಕಾಫಿ ಥಾಟೇ. ಗಂಧಾರ, ನಿಷಾದ ಎರಡೂ ಕೋಮಲ. ಪಾಶ್ಚಾತ್ಯರು ಡೋರಿಯನ್ ಅನ್ನುವುದು ಅದನ್ನೇ. ರಾಗ ಅಂತ ಅಲ್ಲ, ಸ್ವರಗಳ ಲೆಕ್ಕ ಅಷ್ಟೇ. ಆದರೂ ಮನಸ್ಸಿಗೆ ಹತ್ತಿರ ಬಂದದ್ದು ಅದಕ್ಕೇ. ಸದಾಶಿವಗಡದ ಹಿರಿಯರಿಗೂ ಹಿಡಿಸಿದ್ದು ಅದೇ ಭಾಗ ಅಲ್ವಾ?

ತಾಳ ಇನ್ನೂ ಸುಲಭ. ಐರಿಷ್ ಕುಣಿತದ ಧಾಟಿಗಳಲ್ಲಿ ಜಿಗ್ ಅಂದರೆ ತಕಿಟ ತಕಿಟ, ದಾದ್ರಾ ಓಡಿಸಿದ ಹಾಗೆ. ರೀಲ್ ಅಂದರೆ ತಕಧಿಮಿ ತಕಧಿಮಿ. ಸ್ಲಿಪ್ ಜಿಗ್‌ನಲ್ಲಿ ತಕಿಟ ಮೂರು ಸಲ, ಒಂಬತ್ತಕ್ಕೆ ಒಂದು ಆವರ್ತನ. ಎಂಟು ಆವರ್ತನದ ಒಂದು ಭಾಗ ಎರಡು ಸಲ, ಮುಂದಿನ ಎಂಟು ಎರಡು ಸಲ. ಇಡೀದನ್ನು ಎರಡು ಮೂರು ಸಲ ತಿರುಗಿಸಿ, ನಿಲ್ಲಿಸದೆ ಇನ್ನೊಂದು ಧಾಟಿಗೆ ಹಾರುತ್ತಾರೆ. ಆ ಹಾರುವ ಜಾಗದಲ್ಲೇ ಮಜಾ. ತಿಹಾಯಿ (ಒಂದೇ ತುಣುಕು ಮೂರು ಸಲ) ಹಾಕಿ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ ಬಂದಾಗ ನಮ್ಮವರು ತಲೆದೂಗುವ ಜಾಗ ಅದು. ಬಾರಿಸುವ ಮೊದಲು ಇದನ್ನು ಎರಡು ಮಾತಿನಲ್ಲಿ ಕನ್ನಡದಲ್ಲಿ ಹೇಳಿ, ಜನ ಕಾಯುತ್ತಾ ಕೂರುತ್ತಾರೆ.

ಹಾರ್ಮೋನಿಯಂ ಬಗ್ಗೆ ಒಂದು ಮಾತು. ಅಕಾರ್ಡಿಯನ್ನೂ ಇದೂ ಅಣ್ಣತಮ್ಮಂದಿರೇ, ಎರಡರಲ್ಲೂ ಗಾಳಿಗೆ ಅದುರುವ ಲೋಹದ ನಾಲಿಗೆ. ಅದರಲ್ಲಿ ಎರಡೂ ಕೈ ಬೆರಳಿಗೆ ಕೆಲಸ, ಇದರಲ್ಲಿ ಎಡಗೈ ಗಾಳಿ ಒತ್ತುವ ಬಾತಿಗೆ ಮೀಸಲು. ಆ ಹುಡುಗ ಬಲಗೈಯಲ್ಲೇ ಸ್ವರ, ಅದರಲ್ಲೇ ಕಾರ್ಡ್ (ಹಲವು ಸ್ವರ ಒಟ್ಟಿಗೆ) ಎರಡನ್ನೂ ಎಳೆಯುತ್ತಿದ್ದ. ಕಾರ್ಡ್ ಬಿಡಲಿ, ಗಿಟಾರ್ ಇದೆ. ಷಡ್ಜ ಹಿಡಿದುಕೊಂಡು ಧಾಟಿ ಮಾತ್ರ ನುಡಿಸಲಿ. ಬಿಳಿ ಎರಡರಲ್ಲಿ ಷಡ್ಜ ಅಂದರೆ ಅವರ ಡಿ, ವಿಸಲ್‌ನ ಹುಟ್ಟುಸ್ವರ. ಹಳೇ ಪೆಟ್ಟಿಗೆಯಾದರೆ ಶ್ರುತಿ ಗಿಟಾರಿಗಿಂತ ಒಂಚೂರು ಮೇಲಿರುತ್ತದೆ, ಮೊನ್ನೆಯೂ ಇತ್ತು. ಗಿಟಾರ್, ಬ್ಯಾಂಜೋ ಎರಡನ್ನೂ ಪೆಟ್ಟಿಗೆಗೆ ಹೊಂದಿಸಿಕೊಳ್ಳಿ. ವಿಸಲ್‌ನದ್ದೂ ತಲೆ ಸರಿಯುವಂಥದಾದರೆ ಸ್ವಲ್ಪ ಒಳಗೆ ತಳ್ಳಿ.

ಬ್ಯಾಂಜೋ ಹಿಡಿದವ

ಹೆಗಡೆರೋ ಭಟ್ರೋ ಗೊತ್ತಿಲ್ಲ, ಪೆಟ್ಟಿಗೆ ಬಾರಿಸೋ ನಮ್ಮ ಹುಡುಗನಿಗೆ ಇದನ್ನು ಕಳಿಸಿದೆ. ಅವನು ನಿಮ್ಮನ್ನು ಹುಡುಕಿಕೊಂಡು ಬರುವವನಿದ್ದಾನೆ.

ತೋಟದಾಚೆ

ಬರಲಿ. ಅಡಿಕೆ ಕೊಯ್ಲು ಮುಗಿದ ಮೇಲೆ.

ಬಡಗು ಪ್ರೇಕ್ಷಕ

ಹೊನ್ನಾವರದಿಂದ. ಯಾರೂ ಸಮಯದ ಬಗ್ಗೆ ಮಾತಾಡುತ್ತಿಲ್ಲ. ಕಾರವಾರದಲ್ಲಿ ಭಾಷಣ ಮುಗಿಯುವಾಗಲೇ ಎಂಟೂವರೆ. ಹತ್ತಕ್ಕೆ ಮೈಕ್ ಬಂದ್. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಇಲ್ಲ. ಹಬ್ಬ ಉತ್ಸವಕ್ಕೆ ಸರ್ಕಾರ ಮನಸ್ಸು ಮಾಡಿದರೆ ವರ್ಷಕ್ಕೆ 15 ದಿನ ಹನ್ನೆರಡರವರೆಗೆ ಬಿಡಬಹುದು, ಅಷ್ಟೇ. ಮುಚ್ಚಿದ ಹಾಲ್‌ಗೆ ವಿನಾಯಿತಿ ಇದೆ ಅಂತ ವಾದ ಮಾಡಬಹುದು. ಆದರೆ ತಗಡಿನ ಮಾಡಿನ, ಕಿಟಕಿ ತೆರೆದ ಹಾಲನ್ನು ಮುಚ್ಚಿದ ಜಾಗ ಅಂತ ಯಾವ ಪೊಲೀಸರು ಒಪ್ಪುತ್ತಾರೆ?

ನಮಗೆ ಇದರ ಬಿಸಿ ಚೆನ್ನಾಗಿ ತಟ್ಟಿದೆ. ಬೆಳಗಿನವರೆಗೆ ಆಡುತ್ತಿದ್ದ ಯಕ್ಷಗಾನದ ಆಟ ಈಗ ಎಷ್ಟೋ ಕಡೆ ಕಾಲಮಿತಿ. ಸಂಜೆ ಶುರು, ಊಟದ ಹೊತ್ತಿಗೆ ಮಂಗಳ. ಮೊದಲು ಬೇಜಾರಾಯಿತು. ಆಮೇಲೆ ಒಂದು ಲಾಭವೂ ಕಂಡಿತು. ಪೀಠಿಕೆ ಕಡಿಮೆಯಾಗಿ ಪ್ರಸಂಗ ಬೇಗ ಕಳೆಗಟ್ಟುತ್ತದೆ. ಭಾಷಣಕ್ಕೂ ಕಾಲಮಿತಿ ಬರಲಿ ಅಂತ ನನ್ನ ಆಸೆ.

ರಥಬೀದಿ ವಿಸಲ್

ಪರವಾನಗಿ ಕಾಟ ಐರ್ಲೆಂಡಿನಲ್ಲೂ ಇತ್ತು. ಹಿಂದೆ ಹಳ್ಳಿಯ ಮನೆಯ ಅಡುಗೆಕೋಣೆಯಲ್ಲೇ ಜನ ಸೇರಿ ಕುಣಿಯುತ್ತಿದ್ದರು. 1935ರಲ್ಲಿ ಸಾರ್ವಜನಿಕ ಕುಣಿತಕ್ಕೆ ಲೈಸೆನ್ಸ್ ಬೇಕು ಅಂತ ಕಾನೂನು ಬಂತು. ಪಾದ್ರಿಗಳು, ಪೊಲೀಸರು ಮನೆ ಕುಣಿತದ ಮೇಲೂ ಅದನ್ನೇ ಹಿಡಿದು ಬಂದರು. ಕುಣಿತ ಹಾಲ್‌ಗೆ ಹೋಯಿತು. ಹಾಲ್ ದೊಡ್ಡದು, ಒಂದು ಪಿಟೀಲಿನ ದನಿ ಸಾಲದು, ಹಾಗಾಗಿ ಬ್ಯಾಂಡು ಬೆಳೆಯಿತು ಅಂತ ಹೇಳುವವರಿದ್ದಾರೆ.

ಅಂಕೋಲೆ ಅಕ್ಕನಿಗೆ ಇನ್ನೊಂದು. ಈ ಧಾಟಿಗಳು ಉಳಿದದ್ದರಲ್ಲಿ ಒಬ್ಬ ಪೊಲೀಸ್ ಅಧಿಕಾರಿಯ ಪಾಲು ದೊಡ್ಡದು. ಫ್ರಾನ್ಸಿಸ್ ಓನೀಲ್, ಐರ್ಲೆಂಡಿನಿಂದ ಹೋಗಿ ಶಿಕಾಗೋ ನಗರದ ಪೊಲೀಸ್ ಮುಖ್ಯಸ್ಥನಾದವನು. ಅಲ್ಲಿಗೆ ಬಂದಿಳಿದ ಐರಿಷ್ ಜನರ ಬಾಯಿಂದ ಧಾಟಿ ಸಂಗ್ರಹಿಸಿ 1903ರಲ್ಲಿ 1,850 ಧಾಟಿಗಳ ಪುಸ್ತಕ ತಂದ. ಇವತ್ತಿಗೂ ನಾವು ಬಾರಿಸುವುದರಲ್ಲಿ ಎಷ್ಟೋ ಅದರಲ್ಲಿವೆ.

ಅಂಕೋಲೆ ಅಕ್ಕ

ಅದೇ ನಾನು ಹೇಳೋದು ತಮ್ಮಾ. ಹಾಲಕ್ಕಿ ಹಾಡಿಗೆ ಅಂಥ ಒಬ್ಬ ಪೊಲೀಸಪ್ಪ ಬೇಕು. ಮಾತು ಬರೆದಿಟ್ಟವರು ಇದ್ದಾರೆ, ಪುಸ್ತಕಗಳೂ ಬಂದಿವೆ. ಧಾಟಿ ಸ್ವರ ಹಾಕಿ ಬರೆದಿಟ್ಟರೆ ತಾನೇ ನಾಳೆ ಯಾರೋ ಹುಡುಗ ಅದನ್ನು ಗಿಟಾರಿಗೆ ಹಾಕುವುದು? ಬ್ಯಾಂಜೋ ತಮ್ಮಾ, ನಿಮ್ಮ ತಂಡಕ್ಕೆ ಸ್ವರ ಬರೆಯಲು ಬರುತ್ತದಲ್ಲ. ಸುಗ್ಗಿಗೆ ನಮ್ಮಲ್ಲಿಗೆ ಬನ್ನಿ. ತುರಾಯಿ ಕಟ್ಟಿ ಕುಣಿಯುವವರ ಹಿಂದೆ ಒಂದು ದಿನ ಮನೆಮನೆ ತಿರುಗಿ. ಮೊದಲು ಹಿರಿಯರನ್ನು ಕೇಳಿ, ಆಮೇಲೆ ರೆಕಾರ್ಡ್ ಮಾಡಿ. ವಿಸ್ಕಿ ಹಾಡಿನ ತಂಟೆಗೆ ನಾನು ಮತ್ತೆ ಬರುವುದಿಲ್ಲ.

ಬ್ಯಾಂಜೋ ಹಿಡಿದವ

ಬರುತ್ತೇವೆ ಅಕ್ಕ. ಖಂಡಿತ.

ಕೋಡಿಬಾಗದವ

ಸುಗ್ಗಿ ಅಂದ ಕೂಡಲೇ ನೆನಪಾಯಿತು. ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದ ಇದೇ ಜನ ಗಣಪತಿ ಬಿಡುವಾಗ ರಸ್ತೆ ತುಂಬ ಕುಣಿಯುತ್ತಾರೆ. ಅಲ್ಲಿ ಯಾರೂ ಕುರ್ಚಿ ಕೇಳುವುದಿಲ್ಲ!

ಸದಾಶಿವಗಡದ ದಂಡೆ

ಅಲ್ಲಿ ದೇವರು ಮುಂದೆ ಇರುತ್ತಾನೆ. ಇಲ್ಲಿ ಶಾಸಕರು.

ಸೂಪಾ ಮನೆ

ನಾನು ಬಹಳ ಬರೆಯುವವಳಲ್ಲ. ಊರು ಬಿಟ್ಟವರ ಹಾಡು ಅಂದಿರಿ, ಅದಕ್ಕೆ ಬಂದೆ. ನಮ್ಮ ಅಜ್ಜನ ಮನೆ ಹಳೇ ಸೂಪಾದಲ್ಲಿತ್ತು. ಕಾಳಿಗೆ ಅಣೆಕಟ್ಟು ಕಟ್ಟಿದಾಗ ಊರೇ ನೀರಿನ ಪಾಲು. ಎಷ್ಟೋ ಜನರಿಗೆ ರಾಮನಗರದಲ್ಲಿ ಜಾಗ ಸಿಕ್ಕಿತು. ಇಲ್ಲಿ ಸೀಬರ್ಡ್ ನೌಕಾನೆಲೆಗೆ ಮನೆ ಕೊಟ್ಟವರ ಮಕ್ಕಳೂ ಓದುತ್ತಿರಬಹುದು. ಐರಿಷ್ ಧಾಟಿ ಇರಲಿ, ಮಾತು ನಮ್ಮದಾಗಲಿ. ಜಿಗ್‌ಗೆ ಹೊಂದುತ್ತದೋ ನೋಡಿ:

ಕಾಳಿ ನದಿಯೇ, ಕಾಳಿ ನದಿಯೇ, ನಮ್ಮ ಮನೆ ಎಲ್ಲಿ?
ಹೊಸ್ತಿಲು ನಿನ್ನ ನೀರಿನ ಕೆಳಗೆ, ಬೀಗದ ಕೈ ಇಲ್ಲಿ.

ಬ್ಯಾಂಜೋ ಹಿಡಿದವ

ಅಕ್ಕಾ, ಇದನ್ನು ಈಗಷ್ಟೇ ಬಾರಿಸಿ ನೋಡಿದೆ. ಮೊದಲ ಸಾಲು ತಕಿಟಕ್ಕೆ ಕೂತಿತು. ಎರಡನೇ ಸಾಲಿನಲ್ಲಿ 'ನೀರಿನ ಕೆಳಗೆ' ಹತ್ತಿರ ಸ್ವಲ್ಪ ಓಡಬೇಕು, ಪರವಾಗಿಲ್ಲ. 'ಇಲ್ಲಿ' ಅನ್ನುವಾಗ ಎಲ್ಲರೂ ಕೂಗಬಹುದು. ಉಳಿದ ಚರಣ ಬರೆದುಕೊಡುತ್ತೀರಾ? ನಿಧಾನವಾಗಿ ಒಂದು ಸಲ ವಾದ್ಯ ಇಲ್ಲದೆ, ಆಮೇಲೆ ಡ್ರಮ್ಸ್ ಹಾಕಿ ಜೋರಾಗಿ. ಹೆಸರು ಹಾಕಿಯೇ ಹಾಡುತ್ತೇವೆ, ನಿಮಗೆ ಇಷ್ಟವಿದ್ದರೆ.

ಸೂಪಾ ಮನೆ

ಹೆಸರು ಬೇಡ. ಚರಣ ಕೊಡುತ್ತೇನೆ.

ಹಳೇ ಪುಸ್ತಕ

ಹಕ್ಕಿನ ಬಗ್ಗೆ ಒಂದು ಎಚ್ಚರಿಕೆ. ಎಲ್ಲವೂ ಜನಪದ ಅಂತ ತಿಳಿದು ಹಾಡಬೇಡಿ. ಮೊನ್ನೆ ನೀವು ಕೊನೆಗೆ ಹಾಡಿದ 'ಡರ್ಟಿ ಓಲ್ಡ್ ಟೌನ್' ಐರಿಷ್ಷೂ ಅಲ್ಲ, ಜನಪದವೂ ಅಲ್ಲ. 1949ರಲ್ಲಿ ಇವಾನ್ ಮೆಕಾಲ್ ಇಂಗ್ಲೆಂಡಿನ ಸಾಲ್ಫೋರ್ಡ್ ಬಗ್ಗೆ ಬರೆದದ್ದು. ಆತ ತೀರಿಕೊಂಡದ್ದು 1989ರಲ್ಲಿ. ನಮ್ಮ ಕಾಯ್ದೆಯಲ್ಲಿ ಬರೆದವನು ಸತ್ತ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಟಿಕೆಟ್ ಇಟ್ಟು ಹಾಡುವುದಾದರೆ ಹಾಡು ಬರೆದವರ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್ ಸಂಸ್ಥೆಯ ಲೈಸೆನ್ಸ್ ವಿಚಾರಿಸಿಕೊಳ್ಳಿ. ಹಳೇ ಧಾಟಿಗಳಿಗೆ ಆ ತಲೆಬಿಸಿ ಇಲ್ಲ.

ಬಡಗು ಪ್ರೇಕ್ಷಕ

ದಿನ ಯಾವಾಗ? ಮಾರ್ಚ್ 17, ಸೇಂಟ್ ಪ್ಯಾಟ್ರಿಕ್ ದಿನ ಅಂತ ಯಾರೋ ಹೇಳುತ್ತಿದ್ದರು. ಪರೀಕ್ಷೆ ಕಾಲ ಮಾರಾಯ್ರೆ! ಮಕ್ಕಳು ಓದುವಾಗ ಮೈಕ್ ಹಚ್ಚಿದರೆ ಮೊದಲ ಹಾಡಿಗೇ ದೂರು ಬರುತ್ತದೆ. ಮಾರಿಕಾಂಬಾ ಜಾತ್ರೆ ವರ್ಷವಾದರೆ ಹಾಲೂ ಸಿಗುವುದಿಲ್ಲ.

ಬ್ಯಾಂಜೋ ಹಿಡಿದವ

17 ಬೇಡ ಅಂತ ನಾವೂ ಬಿಟ್ಟೆವು. ಪರೀಕ್ಷೆ ಎಲ್ಲ ಮುಗಿದ ಮೇಲೆ, ಮಳೆ ಶುರುವಾಗುವ ಮೊದಲು. ಈವರೆಗೆ ಆಗಿರುವ ಮಾತು ಇಷ್ಟು. ಸಂಜೆ ಆರೂವರೆಗೆ ಶುರು, ಒಂಬತ್ತೂವರೆಗೆ ಮುಗಿಸುವುದು. ಮೊದಲ ಅರ್ಧ ಗಂಟೆ ಬರೀ ವಾದ್ಯ, ಮೈಕ್ ಆದಷ್ಟು ಕಡಿಮೆ, ನಾವು ನೆಲದ ಮೇಲೆ ಜನರ ನಡುವೆಯೇ. ಆಮೇಲೆ ವೇದಿಕೆ ಹತ್ತಿ ಜೋರಿನದು. ಕುರ್ಚಿ ಮೂರು ಗೋಡೆಗೆ ತಾಗಿ, ನಡುವೆ ಖಾಲಿ. ಹಿರಿಯರಿಗೆ ಪಕ್ಕದ ಗೋಡೆ, ಸ್ಪೀಕರ್‌ನಿಂದ ದೂರ. ಭಾಷಣ ಇಲ್ಲ ಅಂತ ಹಾಲ್‌ನವರಿಗೆ ಹೇಳಿದ್ದೇವೆ. ಒಬ್ಬರು ಮಾತ್ರ ಎರಡು ನಿಮಿಷ ಕೇಳುತ್ತಿದ್ದಾರೆ, ತಪ್ಪಿಸಲು ಆಗುವುದಿಲ್ಲ.

ಕೋಡಿಬಾಗದವ

ಎರಡು ನಿಮಿಷ ಅಂದರೆ ಇಪ್ಪತ್ತು. ಕೊನೆಯಲ್ಲಿ ಇಡಿ.

ಸದಾಶಿವಗಡದ ದಂಡೆ

ಪಕ್ಕದ ಗೋಡೆ ಆಗಬಹುದು. ಫ್ಯಾನ್ ಕೆಳಗೆ ಒಂದು ಕುರ್ಚಿ ಹಿಡಿದಿಡಿ. ಹೆಂಡತಿಯೂ ಬರುತ್ತಾಳಂತೆ, ಹಾಗಾಗಿ ಎರಡು.

ಮೈಕ್‌ಸೆಟ್ ಕುಮಟಾ

ಹಾಲ್‌ನಲ್ಲಿ ತ್ರೀ ಫೇಸ್ ಇದೆಯಾ? ಜನರೇಟರ್?

ತೋಟದಾಚೆ

ತ್ರೀ ಫೇಸ್ ಇದೆ. ಜನರೇಟರ್ ಇದ್ದೂ ಇಲ್ಲ. ಮೇ ತಿಂಗಳಲ್ಲಿ ಒಂದು ಗುಡುಗಿಗೆ ಕರೆಂಟ್ ಹೋದರೆ ಬರುವುದು ಮರುದಿನವೇ.

ಮೈಕ್‌ಸೆಟ್ ಕುಮಟಾ

ಹಾಗಾದರೆ ಜನರೇಟರ್ ನಾನೇ ಗಾಡಿಯಲ್ಲಿ ಹಾಕಿಕೊಂಡು ಬರುತ್ತೇನೆ. ದೇವಿಮನೆ ಘಾಟಿ ಹತ್ತಿಸಬೇಕು, ಡೀಸೆಲ್ ದುಡ್ಡು ನಿಮ್ಮದು.